ಓದುಗರ ಪ್ರಶ್ನೆಗಳಿಗೆ ಉತ್ತರ: ಶಾಂತಿ ಪ್ರಶಸ್ತಿಗೆ ಹೆಸರು ಸೂಚಿಸುವವರು ಯಾರು?

ಪ್ರಶ್ನೆ: ಉಪ್ಪಿನ ಸತ್ಯಾಗ್ರಹದ ಪಾಠ ಮಾಡುವಾಗಲೆಲ್ಲ ವಿದ್ಯಾರ್ಥಿಗಳು, ಗಾಂಧೀಜಿಯವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಏಕೆ ಬರಲಿಲ್ಲ ಎಂದು ಕೇಳುತ್ತಾರೆ. ಬ್ರಿಟಿಷರ ಒತ್ತಡವೇ ಕಾರಣವೆಂದು ಹೇಳಬಹುದೇ?
– ಪ್ರೌಢಶಾಲಾ ಶಿಕ್ಷಕರು, ಅಂಕೋಲಾ

ಉತ್ತರ: ಹಾಗೆ ಹೇಳಲು ಸಮಿತಿಯ ಕಡತಗಳಲ್ಲಿ ಆಧಾರವಿಲ್ಲ. ತಮ್ಮ ಊರಿನಲ್ಲಿ 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಉಪ್ಪಿನ ಕಾನೂನನ್ನು ಮುರಿಯುವ ಹೊತ್ತಿಗಾಗಲೇ ಗಾಂಧೀಜಿಯವರ ಹೆಸರು ಜಗತ್ತಿಗೆಲ್ಲ ಗೊತ್ತಿತ್ತು. ಆದರೂ ಓಸ್ಲೊದಲ್ಲಿರುವ ಐವರು ಸದಸ್ಯರ ನೊಬೆಲ್ ಸಮಿತಿಯ ಮುಂದೆ ಅದು ಬಂದದ್ದು 1937ರಲ್ಲಿ, ನಾರ್ವೆ ಸಂಸತ್ತಿನ ಸದಸ್ಯರೊಬ್ಬರ ಸೂಚನೆಯಿಂದ. ಮುಂದೆ 1938, 1939, 1947 ಮತ್ತು 1948ರಲ್ಲಿಯೂ ಸೂಚನೆಗಳು ಹೋದವು. ಮೊದಲ ಸಲ ಸಮಿತಿಯ ಸಲಹೆಗಾರರು ಬರೆದ ಟಿಪ್ಪಣಿಯಲ್ಲಿ, ದಕ್ಷಿಣ ಆಫ್ರಿಕಾದ ಹೋರಾಟ ಭಾರತೀಯರಿಗಷ್ಟೇ ಸೀಮಿತವಾಗಿತ್ತು, ಅಲ್ಲಿನ ಕಪ್ಪು ಜನರ ಸ್ಥಿತಿ ಇನ್ನೂ ಕೆಟ್ಟದಾಗಿದ್ದರೂ ಅದು ಅವರ ಪರವಾಗಿರಲಿಲ್ಲ ಎಂಬ ಆಕ್ಷೇಪವಿತ್ತು. 1947ರಲ್ಲಿ ಐವರಲ್ಲಿ ಇಬ್ಬರು ಅವರ ಪರವಾಗಿದ್ದರು. ಉಳಿದ ಮೂವರು, ದೇಶ ವಿಭಜನೆಯ ರಕ್ತಪಾತ ನಡೆಯುತ್ತಿರುವಾಗ ಸಂಘರ್ಷದ ಒಂದು ಕಡೆಯ ನಾಯಕರಿಗೆ ಪ್ರಶಸ್ತಿ ಕೊಡುವುದಕ್ಕೆ ಹಿಂಜರಿದರು. ಆ ಕಾಲದಲ್ಲಿ ಕೋಮುಗಲಭೆ ತಣಿಸಲು ನೌಖಾಲಿಯಲ್ಲಿ, ಕಲ್ಕತ್ತೆಯಲ್ಲಿ ಆ ವೃದ್ಧರು ಒಬ್ಬರೇ ನಿಂತು ಮಾಡಿದ್ದನ್ನು ನೆನೆದರೆ ಈ ಹಿಂಜರಿಕೆಯನ್ನು ಒಪ್ಪಿಕೊಳ್ಳುವುದು ನನಗಂತೂ ಸಾಧ್ಯವಾಗಿಲ್ಲ. 1948ರ ಸೂಚನೆಗಳಿಗೆ ಕೊನೆಯ ದಿನಾಂಕ ಮುಗಿಯಲು ಎರಡು ದಿನವಿದ್ದಾಗ ಅವರ ಹತ್ಯೆಯಾಯಿತು. ಮರಣೋತ್ತರವಾಗಿ ಕೊಡುವುದಾದರೆ, ಆಸ್ತಿ, ಉಯಿಲು, ಸಂಸ್ಥೆ ಯಾವುದೂ ಇಲ್ಲದ ವ್ಯಕ್ತಿಯ ಪರವಾಗಿ ಹಣವನ್ನು ಸ್ವೀಕರಿಸುವವರು ಯಾರು ಎಂಬ ಚರ್ಚೆಯೂ ನಡೆದು, ಕೊನೆಗೆ ಬದುಕಿರುವ ಯೋಗ್ಯ ವ್ಯಕ್ತಿ ಯಾರೂ ಇಲ್ಲವೆಂದು ಆ ವರ್ಷದ ಪ್ರಶಸ್ತಿಯನ್ನೇ ಕೊಡಲಿಲ್ಲ. ವಿದ್ಯಾರ್ಥಿಗಳಿಗೆ ಇಷ್ಟನ್ನೂ ಹೇಳಿ, ಅವರು ಅರ್ಥಮಾಡಿಕೊಳ್ಳುತ್ತಾರೆ.

ಪ್ರಶ್ನೆ: ಸೆರೆಯಲ್ಲಿರುವ ಹೋರಾಟಗಾರರಿಗೆ ಇಂತಹ ಪ್ರಶಸ್ತಿ ಕೊಟ್ಟರೆ ಅಲ್ಲಿನ ಸರ್ಕಾರ ಕೆರಳಿ ಅವರಿಗೆ ಮತ್ತಷ್ಟು ತೊಂದರೆಯಾಗುವುದಿಲ್ಲವೇ?
– ಓದುಗರು, ಕಾರವಾರ

ಉತ್ತರ: ತಮ್ಮ ಅಂಜಿಕೆಗೆ ಕಾರಣವಿದೆ. ನಾಜಿಗಳ ಬಂಧನದಲ್ಲಿದ್ದ ಪತ್ರಕರ್ತ ಕಾರ್ಲ್ ಫಾನ್ ಒಸಿಯೆಟ್ಸ್ಕಿಯವರಿಗೆ 1935ರ ಪ್ರಶಸ್ತಿಯನ್ನು ಘೋಷಿಸಿದಾಗ ಹಿಟ್ಲರ್ ಜರ್ಮನರು ಯಾವ ನೊಬೆಲನ್ನೂ ಸ್ವೀಕರಿಸಬಾರದೆಂದು ಆಜ್ಞೆ ಹೊರಡಿಸಿದ. ಒಸಿಯೆಟ್ಸ್ಕಿ 1938ರಲ್ಲಿ ತೀರಿಕೊಂಡರು. ಚೀನಾದ ಲಿಯು ಶಿಯಾಬೊ ಅವರಿಗೆ 2010ರಲ್ಲಿ ಪ್ರಶಸ್ತಿ ಬಂದರೂ ಬಿಡುಗಡೆಯಾಗಲಿಲ್ಲ. ಅವರು 2017ರಲ್ಲಿ ಬಂಧನದಲ್ಲಿಯೇ ನಿಧನರಾದರು. ಆದರೂ ಇರಾನಿನ ನರ್ಗಿಸ್ ಮೊಹಮ್ಮದಿಯವರ ಪರವಾಗಿ 2023ರಲ್ಲಿ ಅವರ ಅವಳಿ ಮಕ್ಕಳು ಓಸ್ಲೊದಲ್ಲಿ ಪ್ರಶಸ್ತಿ ಸ್ವೀಕರಿಸಿ, ತಾಯಿ ಸೆರೆಯಿಂದ ಬರೆದ ಭಾಷಣವನ್ನು ಓದಿದಾಗ, ಅವರ ಬಾಯಿ ಮುಚ್ಚಿಸಬೇಕೆಂದಿದ್ದವರ ಎಣಿಕೆ ತಪ್ಪಿತು. ಇಂತಹವರನ್ನು ಜಗತ್ತು ಮರೆಯುವುದೇ ಸೆರೆಗಿಂತ ದೊಡ್ಡ ಅಪಾಯವೆಂದು ನಾನು ತಿಳಿದಿದ್ದೇನೆ.

ಪ್ರಶ್ನೆ: ನಮ್ಮ ಭಾಗದಲ್ಲಿ ಕಾಡು ಉಳಿಸಲು, ಜೊತೆಗೆ ಅತಿಕ್ರಮಣದಾರರೆಂದು ಕರೆಸಿಕೊಂಡ ಅರಣ್ಯವಾಸಿ ಕುಟುಂಬಗಳಿಗೆ ಹಕ್ಕುಪತ್ರ ಕೊಡಿಸಲು ದಶಕಗಳಿಂದ ದುಡಿದ ಹಿರಿಯರೊಬ್ಬರಿದ್ದಾರೆ. ಯುವಕ ಮಂಡಳದ ವತಿಯಿಂದ ಅವರ ಹೆಸರನ್ನು ನೊಬೆಲ್ ಶಾಂತಿ ಪ್ರಶಸ್ತಿಗೆ ಕಳುಹಿಸಬಹುದೇ? ಅರ್ಜಿ ನಮೂನೆ ಎಲ್ಲಿ ಸಿಗುತ್ತದೆ?
– ಯುವಕ ಮಂಡಳದ ಸದಸ್ಯರು, ಶಿರಸಿ

ಉತ್ತರ: ಮಂಡಳದ ವತಿಯಿಂದ ಕಳುಹಿಸಲು ಬರುವುದಿಲ್ಲ. ರಾಷ್ಟ್ರಮಟ್ಟದ ಸಂಸತ್ತಿನ ಸದಸ್ಯರು, ಕೇಂದ್ರದ ಮಂತ್ರಿಗಳು, ಇತಿಹಾಸ, ಸಮಾಜ ವಿಜ್ಞಾನ, ಕಾನೂನು, ತತ್ತ್ವಶಾಸ್ತ್ರ, ಧರ್ಮಶಾಸ್ತ್ರಗಳ ವಿಶ್ವವಿದ್ಯಾಲಯ ಪ್ರಾಧ್ಯಾಪಕರು, ಹಿಂದೆ ಪ್ರಶಸ್ತಿ ಪಡೆದವರು ಮುಂತಾದವರು ಮಾತ್ರ ಹೆಸರು ಸೂಚಿಸಬಹುದು. ನಮ್ಮ ಜಿಲ್ಲೆಯ ಸಂಸದರಿಗೆ ಆ ಅಧಿಕಾರವಿದೆ, ಧಾರವಾಡದ ವಿಶ್ವವಿದ್ಯಾಲಯದ ಇತಿಹಾಸ ಪ್ರಾಧ್ಯಾಪಕರಿಗೂ ಇದೆ. ಶಾಸಕರಿಗೆ, ಜಿಲ್ಲಾಧಿಕಾರಿಗಳಿಗೆ ಆ ಹುದ್ದೆಯಿಂದಾಗಿ ಇಲ್ಲ. ಸೂಚನೆ ಜನವರಿ 31ರೊಳಗೆ ತಲುಪಬೇಕು. ಸೂಚಿತರ ಹೆಸರುಗಳನ್ನು ಸಮಿತಿ 50 ವರ್ಷ ಗುಟ್ಟಾಗಿಡುತ್ತದೆ. ಆದ್ದರಿಂದ ಹೆಸರು ಹೋದ ಮರುದಿನವೇ ಪತ್ರಿಕಾಗೋಷ್ಠಿ ಕರೆಯುವುದು ಸರಿಯಲ್ಲ.

ತಮಗೆ ಇನ್ನೊಂದು ಪ್ರಶಸ್ತಿ ಹೆಚ್ಚು ಹೊಂದುತ್ತದೆ ಎಂದು ನನಗೆ ತೋರುತ್ತದೆ. ನೊಬೆಲ್ ಪ್ರತಿಷ್ಠಾನವು ಪರಿಸರ ಮತ್ತು ಬಡತನ ನಿವಾರಣೆಗೆ ಹೊಸ ಪ್ರಶಸ್ತಿಗಳನ್ನು ಸ್ಥಾಪಿಸಲು ಒಪ್ಪದಿದ್ದಾಗ, ಯಾಕೋಬ್ ಫಾನ್ ಉಕ್ಸ್‌ಕುಲ್ ಎಂಬವರು ತಮ್ಮ ಅಂಚೆಚೀಟಿಗಳ ಸಂಗ್ರಹವನ್ನು ಮಾರಿದ ಹಣದಿಂದ 1980ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿಯನ್ನು ಆರಂಭಿಸಿದರು. ಇದಕ್ಕೆ ಯಾರು ಬೇಕಾದರೂ ಹೆಸರು ಸೂಚಿಸಬಹುದು. ತಮ್ಮದೇ ಹೆಸರು, ಹತ್ತಿರದ ಸಂಬಂಧಿಕರ ಹೆಸರು, ತಮ್ಮದೇ ಸಂಸ್ಥೆಯ ಹೆಸರು ಮಾತ್ರ ಸಲ್ಲದು. ಆದ್ದರಿಂದ ಆ ಹಿರಿಯರು ಮಂಡಳದ ಪದಾಧಿಕಾರಿಯಾಗಿದ್ದರೆ ಹೊರಗಿನವರೊಬ್ಬರಿಂದ ಸೂಚನೆ ಮಾಡಿಸಿ. 1983ರಲ್ಲಿ ತಮ್ಮ ತಾಲೂಕಿನ ಸಾಲ್ಕಣಿಯ ಜನ ಕಳಾಸೆ ಕಾಡಿನಲ್ಲಿ ಮರಗಳನ್ನು ಅಪ್ಪಿ ನಿಂತದ್ದಕ್ಕೆ ಪ್ರೇರಣೆಯಾದ ಚಿಪ್ಕೊ ಚಳವಳಿಗೆ 1987ರಲ್ಲಿ ಸಂದದ್ದು ಇದೇ ಪ್ರಶಸ್ತಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಡುವೆ ಕೆಲಸ ಮಾಡಿದ ಡಾ. ಎಚ್. ಸುದರ್ಶನ್ ಅವರಿಗೆ 1994ರಲ್ಲಿ, ದಲಿತ ಮಹಿಳೆಯರ ಹಕ್ಕುಗಳಿಗಾಗಿ ಹೋರಾಡಿದ ರೂತ್ ಮನೋರಮಾ ಅವರಿಗೆ 2006ರಲ್ಲಿ ಇದು ಬಂದಿದೆ. ಕೀನ್ಯಾದ ವಂಗಾರಿ ಮಾಥಾಯ್ ಅವರಿಗೆ 1984ರಲ್ಲಿ ಈ ಪ್ರಶಸ್ತಿ ಬಂದು, ನೊಬೆಲ್ ಬಂದದ್ದು 2004ರಲ್ಲಿ.

ಹೊಗಳಿಕೆಯ ಪತ್ರಗಳು, ಹಾರ ತುರಾಯಿಯ ಫೋಟೊಗಳು ಕೆಲಸಕ್ಕೆ ಬಾರವು. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಗ್ರಾಮ ಅರಣ್ಯ ಹಕ್ಕು ಸಮಿತಿಗಳಿಗೆ ಅವರು ಬರೆಸಿಕೊಟ್ಟ ಅರ್ಜಿಗಳ ಪ್ರತಿಗಳು, ತಿರಸ್ಕೃತವಾದವುಗಳ ಮೇಲ್ಮನವಿಗಳು, ಮಂಜೂರಾದ ಹಕ್ಕುಪತ್ರಗಳು, ಗ್ರಾಮಸಭೆಯ ಠರಾವುಗಳು, ಹಳೆಯ ಪತ್ರಿಕಾ ವರದಿಗಳು ಇವನ್ನು ವರ್ಷವಾರು ಜೋಡಿಸಿ. ಗುಂಟೆ ಲೆಕ್ಕದ ಜಾಗಕ್ಕಾಗಿ ಮೂರು ತಲೆಮಾರಿನ ದಾಖಲೆ ಹುಡುಕಿ ಅಲೆದ ಮಹಿಳೆಯರು ಆ ಊರುಗಳಲ್ಲಿದ್ದಾರೆ. ಅವರ ಮಾತನ್ನು ಅವರದೇ ಮಾತಿನಲ್ಲಿ ಬರೆದುಕೊಂಡು, ಓದಿ ಹೇಳಿ, ಒಪ್ಪಿಗೆಯ ಸಹಿ ಪಡೆಯಿರಿ. ಎಲ್ಲಕ್ಕಿಂತ ಮೊದಲು ಆ ಹಿರಿಯರನ್ನೇ ಕಂಡು ಕೇಳಿ. ಅವರು ಒಲ್ಲೆನೆಂದರೆ ಒತ್ತಾಯಿಸಬೇಡಿ, ಆದರೆ ಕಡತವನ್ನು ಮಾತ್ರ ಪೂರ್ತಿಗೊಳಿಸಿ; ಇನ್ನೂ ತೀರ್ಮಾನವಾಗದ ಮೇಲ್ಮನವಿಗಳಿಗೆ ಅದು ಬೇಕಾಗುತ್ತದೆ.