ಸ್ಟ್ರಿಂಗ್ ಸಿದ್ಧಾಂತ ಅನಂತಗಳನ್ನು ಅಳಿಸುತ್ತದೆಯಾದರೆ ರೀನಾರ್ಮಲೈಸೇಶನ್ ಏಕೆ ಕಲಿಯಬೇಕು?

ಹಾಸನದಲ್ಲಿ ಎಂ.ಎಸ್ಸಿ. ಓದುವಾಗ ನನ್ನ ತಲೆಯಲ್ಲೂ ಇದೇ ಪ್ರಶ್ನೆಯಿತ್ತು. ಅದರಿಂದ ಪ್ರಾಜೆಕ್ಟಿನ ಮೂರು ತಿಂಗಳು ಹಾಳಾದವು. ಲೆಕ್ಕದಲ್ಲಿ ಬರುವ ಅನಂತಗಳನ್ನು ಅಳೆದ ಬೆಲೆಗಳೊಳಗೆ ಸೇರಿಸಿ ಸೀಮಿತ ಉತ್ತರ ಪಡೆಯುವ ವಿಧಾನವೇ ರೀನಾರ್ಮಲೈಸೇಶನ್; ಕಣಗಳನ್ನು ಬಿಂದುಗಳ ಬದಲು ಕಿರು ತಂತಿಗಳೆಂದು ನೋಡುವುದು ಸ್ಟ್ರಿಂಗ್ ಸಿದ್ಧಾಂತ.

ಕ್ವಾಂಟಂ ಕ್ಷೇತ್ರ ಸಿದ್ಧಾಂತದಲ್ಲಿ ಕಣವೊಂದು ಹೊರಟಲ್ಲಿಗೇ ಮರಳುವ ಲೂಪನ್ನು ಎಷ್ಟು ಬೇಕಾದರೂ ಗಿಡ್ಡ ಮಾಡಬಹುದು. ಅದರ ಅವಧಿ ಸೊನ್ನೆಯನ್ನು ಸಮೀಪಿಸಿದಾಗ ಲೆಕ್ಕ ಅನಂತಕ್ಕೆ ಹೋಗುತ್ತದೆ. ಮುಚ್ಚಿದ ಸ್ಟ್ರಿಂಗ್ ಹಾಗೆಯೇ ಸುತ್ತಿ ಬಂದರೆ ಉದ್ದಿನವಡೆಯ ಮೇಲ್ಮೈಯಂತಹ ಟೋರಸ್ ಆಗುತ್ತದೆ, ಅದರ ಆಕಾರವನ್ನು ಟೌ ಎಂಬ ಸಂಕೀರ್ಣ ಸಂಖ್ಯೆ ಸೂಚಿಸುತ್ತದೆ. ಟೌಗೆ ಒಂದನ್ನು ಕೂಡಿಸಿದರೂ ಟೋರಸ್ ಬದಲಾಗದೆಂದು ನನಗೆ ತಿಳಿದಿತ್ತು. ಆದ್ದರಿಂದ ಒಂದು ಮಾನ ಅಗಲದ ಪಟ್ಟಿಯನ್ನು ತೆಗೆದುಕೊಂಡು, ಸೊನ್ನೆ ಎತ್ತರದಿಂದ (ಎತ್ತರವೆಂದರೆ ಟೌನ ಕಾಲ್ಪನಿಕ ಭಾಗ, ಇಲ್ಲಿ ಲೂಪಿನ ಅವಧಿಯ ಪಾತ್ರ ಅದರದು) ಮೇಲಕ್ಕೆ ಇಡೀ ಪಟ್ಟಿಯ ಮೇಲೆ ಸಮಾಕಲನ ಮಾಡಿದೆ. ಉತ್ತರ ಅನಂತವಾಯಿತು, ಸ್ಟ್ರಿಂಗ್ ಸಿದ್ಧಾಂತವೂ ಸೋತಿತೆಂದು ಗಂಭೀರವಾಗಿ ಬರೆದೆ.

ಋಣ ಒಂದನ್ನು ಟೌನಿಂದ ಭಾಗಿಸಿದರೂ ಅದೇ ಟೋರಸ್ ಬರುತ್ತದೆ ಎಂಬುದನ್ನು ನಾನು ಮರೆತಿದ್ದೆ; ಅಡ್ಡಸುತ್ತನ್ನು ಉದ್ದಸುತ್ತೆಂದು ಕರೆದಷ್ಟೇ ವ್ಯತ್ಯಾಸ. ಮೂಡಿಗೆರೆಯ ನಮ್ಮ ತೋಟದಲ್ಲಿ ಕೊಯ್ಲಿನ ಸಂಜೆ ತೂಗಿದ ಕಾಫಿ ಹಣ್ಣಿನ ಚೀಲ ತಕ್ಕಡಿಯ ಬಳಿಯೇ ಉಳಿದರೆ ಮತ್ತೊಮ್ಮೆ ತೂಕಕ್ಕೆ ಏರುವುದುಂಟು. ಲೆಕ್ಕ ಬೆಳೆಯುತ್ತದೆ, ಹಣ್ಣು ಬೆಳೆದಿರುವುದಿಲ್ಲ. ನನ್ನ ಪಟ್ಟಿಯಲ್ಲಿ ಪ್ರತಿಯೊಂದು ಟೋರಸ್ಸೂ ಅನಂತ ಬಾರಿ ತೂಕಕ್ಕೆ ಏರಿತ್ತು. ಒಮ್ಮೆ ಮಾತ್ರ ಎಣಿಸಿದರೆ ಉಳಿಯುವ ಪ್ರದೇಶ ಎಲ್ಲಿಯೂ 0.866ಕ್ಕಿಂತ, ಅಂದರೆ ಮೂರರ ವರ್ಗಮೂಲದ ಅರ್ಧಕ್ಕಿಂತ, ಕೆಳಗಿಳಿಯುವುದಿಲ್ಲ. ಅಪಾಯದ ಸೊನ್ನೆಯ ತುದಿಯನ್ನು ಯಾರೂ ಕತ್ತರಿಸಿದ್ದಲ್ಲ. ಅದು ಎಣಿಕೆಗೆ ಬರುವುದೇ ಇಲ್ಲ. ನನ್ನ ಮಾರ್ಗದರ್ಶಕರು ಇದನ್ನು ಅರ್ಧ ಹಾಳೆಯಲ್ಲಿ ತೋರಿಸಿದರು.

ಆದರೂ "ಅಳಿಸುತ್ತದೆ" ಎಂಬ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. 26 ಆಯಾಮಗಳ ಬೋಸಾನಿಕ್ ಸ್ಟ್ರಿಂಗಿನಲ್ಲಿ (ಸ್ಟ್ರಿಂಗ್ ಸಿದ್ಧಾಂತದ ಮೊದಲ, ಸರಳ ರೂಪ) ಟ್ಯಾಕಿಯಾನ್, ಅಂದರೆ ದ್ರವ್ಯರಾಶಿಯ ವರ್ಗ ಋಣವಾಗಿರುವ ಕಣ, ಇರುವುದರಿಂದ ಇನ್ನೊಂದು ತುದಿಯಲ್ಲಿ, ಅಂದರೆ ಟೌ ಬಹಳ ಎತ್ತರಕ್ಕೆ ಹೋದಲ್ಲಿ, ಲೆಕ್ಕ ಮತ್ತೆ ಸಿಡಿಯುತ್ತದೆ. ಅದನ್ನು ತಪ್ಪಿಸಲು ಟ್ಯಾಕಿಯಾನ್ ಇಲ್ಲದ ಸೂಪರ್‌ಸ್ಟ್ರಿಂಗ್ ಬೇಕಾಯಿತು. ರೀನಾರ್ಮಲೈಸೇಶನ್ ಕೂಡ ಕಸವನ್ನು ಚಾಪೆಯಡಿ ತಳ್ಳುವ ಕೆಲಸವಲ್ಲ. 1948ರಲ್ಲಿ ಭೌತವಿಜ್ಞಾನಿ ಜೂಲಿಯನ್ ಶ್ವಿಂಗರ್ ಎಲೆಕ್ಟ್ರಾನಿನ ಕಾಂತೀಯ ಗುಣಕ್ಕೆ ಸುಮಾರು 0.00116ರ ತಿದ್ದುಪಡಿಯನ್ನು ಪಡೆದದ್ದು ಅದರಿಂದಲೇ. ನಮಗೆ ಕಾಣದ ಅತಿ ಕಿರು ದೂರದ ಸಂಗತಿಗಳನ್ನು ಅಳೆಯಬಹುದಾದ ಕೆಲವೇ ಸಂಖ್ಯೆಗಳಲ್ಲಿ ಅದು ಹಿಡಿದಿಡುತ್ತದೆ. ಗುರುತ್ವದಲ್ಲಿ ಆ ಸಂಖ್ಯೆಗಳಿಗೆ ಕೊನೆಯೇ ಇರುವುದಿಲ್ಲ. ಸ್ಟ್ರಿಂಗಿನ ಅಗತ್ಯ ಬೀಳುವುದು ಅಲ್ಲಿ.

ಆದ್ದರಿಂದ ಮೊದಲು ಎಲೆಕ್ಟ್ರಾನಿನ ಒಂದು ಲೂಪನ್ನು ಶ್ವಿಂಗರ್ ಅವಧಿಯ, ಅಂದರೆ ಮೇಲೆ ಹೇಳಿದ ಲೂಪಿನ ಅವಧಿಯ, ರೂಪದಲ್ಲಿ ಬರೆದು, ಅದು ಸೊನ್ನೆಯ ಬಳಿ ಹೇಗೆ ಸಿಡಿಯುತ್ತದೆಂದು ಕೈಯಾರೆ ನೋಡಿ. ಆಮೇಲೆ ಟೋರಸ್ಸಿಗೆ ಬನ್ನಿ; ಬಂದಾಗ ಋಣ ಒಂದನ್ನು ಟೌನಿಂದ ಭಾಗಿಸುವ ಆ ಎರಡನೆಯ ಸಮಮಿತಿಯನ್ನು ಹಾಳೆಯ ನೆತ್ತಿಯಲ್ಲೇ ಬರೆದುಕೊಳ್ಳಿ.