ಕ್ಯಾಲಿಫೋರ್ನಿಯಾ ಬಿಟ್ಟ ಮೇಲೂ ಅಲ್ಲಿಂದ ಟ್ಯಾಕ್ಸ್ ಪತ್ರ ಬಂದಿದೆ. ಊರಿಗೆ ವಾಪಸ್ ಹೋಗುವವರು ಸುಮ್ನೆ ಬಿಟ್ಟುಬಿಡಬಹುದಾ?

ಬಿಡಬೇಡಿ. ಪತ್ರದಲ್ಲಿ ಕೊಟ್ಟಿರುವ ಕೊನೆಯ ದಿನಾಂಕದೊಳಗೆ ನಿಮ್ಮ ಉತ್ತರ ಹೋಗಲೇಬೇಕು. ಮಿಕ್ಕಿದ್ದೆಲ್ಲ ಆಮೇಲೆ.

ನೀವು ಬರೆದಿರುವುದು ಇಷ್ಟು. 2021ರ ಆಗಸ್ಟ್‌ನಲ್ಲಿ ಅದೇ ಕಂಪನಿಯ ಕೆಲಸದ ಮೇಲೆ ಕ್ಯಾಲಿಫೋರ್ನಿಯಾದ ಸನ್ನಿವೇಲ್ ಬಿಟ್ಟು ಟೆಕ್ಸಸ್‌ನ ಆಸ್ಟಿನ್‌ಗೆ ಹೋದಿರಿ. ಹೆಂಡತಿ ಮತ್ತು ಮಗ ಶಾಲೆ ಮುಗಿಯಲಿ ಅಂತ 2022ರ ಜೂನ್‌ವರೆಗೆ ಸನ್ನಿವೇಲ್ ಮನೆಯಲ್ಲೇ ಇದ್ದರು. ಅವರು ಬಂದ ಮೇಲೆ ಆ ಮನೆಯನ್ನು ಬಾಡಿಗೆಗೆ ಕೊಟ್ಟಿರಿ. ಕಂಪನಿ ಮೊದಲೇ ಕೊಡುತ್ತೇವೆ ಅಂದಿದ್ದ ಆರ್‌ಎಸ್‌ಯು ಷೇರುಗಳು 2022ರಲ್ಲೂ ವೆಸ್ಟ್ ಆದವು, ಅಂದರೆ ನಿಮ್ಮ ಕೈಗೆ ಬಂದವು. ಟೆಕ್ಸಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ, ನಾನಿದ್ದದ್ದು ಟೆಕ್ಸಸ್‌ನಲ್ಲಿ ಅಂದುಕೊಂಡು 2022ಕ್ಕೆ ಕ್ಯಾಲಿಫೋರ್ನಿಯಾ ರಿಟರ್ನ್ ಹಾಕಲಿಲ್ಲ. ಈಗ ಕ್ಯಾಲಿಫೋರ್ನಿಯಾದ ಆದಾಯ ತೆರಿಗೆ ಇಲಾಖೆಯಾದ ಫ್ರಾಂಚೈಸ್ ಟ್ಯಾಕ್ಸ್ ಬೋರ್ಡ್ ರಿಟರ್ನ್ ಕೇಳಿ ಪತ್ರ ಕಳಿಸಿದೆ. ಮುಂದಿನ ವರ್ಷ ಮೈಸೂರಿಗೆ ವಾಪಸ್ ಹೋಗುವವರಿದ್ದೀರಿ.

ನಾನು ಬೇ ಏರಿಯಾದಲ್ಲಿ ಟ್ಯಾಕ್ಸ್ ರಿಟರ್ನ್ ತಯಾರಿಸುವ ಕೆಲಸ ಮಾಡುತ್ತೇನೆ. ಇಂಥ ಪತ್ರ ಹಿಡಿದುಕೊಂಡು ಬರುವವರಲ್ಲಿ ನಮ್ಮ ಕಡೆಯವರು ತುಂಬ ಜನ. ನಿಮ್ಮ ಪರಿಸ್ಥಿತಿ ಕೈ ಮೀರಿಲ್ಲ. ಆದರೆ ಉತ್ತರ ಕೊಡದೆ ಕೂತರೆ ಮೀರುತ್ತದೆ.

ಹೇಗೆ ಅಂತ ಹೇಳುತ್ತೇನೆ. ನೀವು ರಿಟರ್ನ್ ಹಾಕದಿದ್ದರೆ ಅವರೇ ನಿಮ್ಮ ಆದಾಯವನ್ನು ಅಂದಾಜು ಮಾಡುತ್ತಾರೆ. ನಿಮ್ಮ ಡಬ್ಲ್ಯೂ-2 (ಕಂಪನಿ ಕೊಡುವ ವರ್ಷದ ಸಂಬಳದ ಪತ್ರ), ಬ್ಯಾಂಕಿನ ವರದಿ, ಮನೆ ಸಾಲದ ಬಡ್ಡಿ ಎಲ್ಲವೂ ಅವರ ಹತ್ತಿರ ಇರುತ್ತದೆ. ಆ ಅಂದಾಜಿನಲ್ಲಿ ನಿಮಗೆ ಸಿಗಬೇಕಾದ ಕಡಿತಗಳೆಲ್ಲ ಸಿಗುವುದಿಲ್ಲ. ಅದರ ಮೇಲೆ, ಕೇಳಿದಾಗ ರಿಟರ್ನ್ ಕೊಡಲಿಲ್ಲ ಅಂತ 25% ದಂಡವೂ ಬೀಳಬಹುದು. ಈ ದಂಡವನ್ನು ಒಟ್ಟು ತೆರಿಗೆಯ ಮೇಲೆ ಲೆಕ್ಕ ಹಾಕುತ್ತಾರೆ. ಸಂಬಳದಲ್ಲಿ ಆಗಲೇ ಹಿಡಿದುಕೊಂಡಿದ್ದನ್ನು ಕಳೆಯುವುದಿಲ್ಲ. ಕಟ್ಟಬೇಕಾದ ಬಾಕಿ ಪುಡಿಗಾಸು ಇದ್ದರೂ ದಂಡ ಮಾತ್ರ ದೊಡ್ಡದಾಗಿ ಬರುವುದು ಇದೇ ಕಾರಣಕ್ಕೆ. ಗಡುವಿನೊಳಗೆ ಉತ್ತರಿಸಿದರೆ ಈ ದಂಡ ಬೀಳುವುದಿಲ್ಲ. ಕಾಗದ ಹುಡುಕಲು ಸಮಯ ಬೇಕಿದ್ದರೆ ಗಡುವು ಮುಗಿಯುವ ಮೊದಲೇ ಫೋನ್ ಮಾಡಿ ಕೇಳಿ.

ಇನ್ನು 183 ದಿನದ ಮಾತು. ಕ್ಯಾಲಿಫೋರ್ನಿಯಾದಲ್ಲಿ 183 ದಿನಕ್ಕಿಂತ ಕಡಿಮೆ ಇದ್ದರೆ ತೆರಿಗೆ ಇಲ್ಲ ಅಂತ ವಾಟ್ಸಾಪ್ ಗ್ರೂಪುಗಳಲ್ಲಿ ಹೇಳುತ್ತಲೇ ಇರುತ್ತಾರೆ. ಆ ಲೆಕ್ಕ ನ್ಯೂಯಾರ್ಕ್‌ನದು. ಬೇರೆ ಕಡೆ ಊರು ಮಾಡಿಕೊಂಡವರಿಗೂ ನ್ಯೂಯಾರ್ಕ್‌ನಲ್ಲಿ ಕಾಯಂ ಮನೆಯಿದ್ದು, ವರ್ಷಕ್ಕೆ 183 ದಿನಕ್ಕಿಂತ ಜಾಸ್ತಿ ಅಲ್ಲಿ ಕಳೆದರೆ ಅವರು ತೆರಿಗೆ ಲೆಕ್ಕಕ್ಕೆ ಅಲ್ಲಿನ ರೆಸಿಡೆಂಟ್, ಅಂದರೆ ನಿವಾಸಿ. ಕ್ಯಾಲಿಫೋರ್ನಿಯಾದಲ್ಲಿ ಅಂಥ ಗೆರೆ ಇಲ್ಲ. ಒಂದು ವರ್ಷದಲ್ಲಿ ಒಟ್ಟು 9 ತಿಂಗಳಿಗಿಂತ ಜಾಸ್ತಿ ಇದ್ದವರನ್ನು ರೆಸಿಡೆಂಟ್ ಅಂತಲೇ ಹಿಡಿಯುತ್ತಾರೆ, ನಿಜ. ಹಾಗಂತ ಕಡಿಮೆ ಇದ್ದವರು ಅಲ್ಲ ಅಂತ ಅರ್ಥವಲ್ಲ. ನಿಮ್ಮ ಕಾಯಂ ಊರು ಕ್ಯಾಲಿಫೋರ್ನಿಯಾ ಆಗಿದ್ದು, ಸ್ವಲ್ಪ ಕಾಲದ ಮಟ್ಟಿಗಷ್ಟೇ ಹೊರಗೆ ಹೋಗಿದ್ದರೆ ಆಗಲೂ ನೀವು ರೆಸಿಡೆಂಟ್. ಸಂಸಾರ ಎಲ್ಲಿದೆ, ಎಲ್ಲಿಗೆ ತಿರುಗಿ ಹೋಗುತ್ತೀರಿ ಅನ್ನುವುದನ್ನು ಅವರು ನೋಡುತ್ತಾರೆ.

ಅದಕ್ಕೆ ಏನೇನು ನೋಡಬೇಕು ಅಂತ 2003ರ ಬ್ರ್ಯಾಗ್ ಅನ್ನುವ ಮೇಲ್ಮನವಿಯ ತೀರ್ಪಿನಲ್ಲಿ ಒಂದು ಪಟ್ಟಿ ಇದೆ. ಇವತ್ತಿಗೂ ಅದನ್ನೇ ಬಳಸುತ್ತಾರೆ. ಮನೆಗಳು, ಹೆಂಡತಿ ಮಕ್ಕಳು, ಮಕ್ಕಳ ಶಾಲೆ, ಡಾಕ್ಟರು, ಬ್ಯಾಂಕ್ ಖಾತೆ, ಡ್ರೈವಿಂಗ್ ಲೈಸೆನ್ಸ್, ಕಾರಿನ ನೋಂದಣಿ, ಫೋನ್ ದಾಖಲೆ, ಹೀಗೆ. ಒಂದೇ ಒಂದು ಅಂಶ ಗೆಲ್ಲಿಸುವುದೂ ಇಲ್ಲ, ಸೋಲಿಸುವುದೂ ಇಲ್ಲ.

ಆಡಿಟ್‌ನಲ್ಲಿ ಇದು ಹೇಗೆ ನಡೆಯುತ್ತದೆ ಅಂತ ಒಂದು ಫೈಲ್‌ನಿಂದ ಹೇಳುತ್ತೇನೆ. ನಿಮ್ಮ ಹಾಗೇ ಗಂಡ ಬೇರೆ ರಾಜ್ಯದಲ್ಲಿ, ಸಂಸಾರ ಇಲ್ಲಿ. ಆಡಿಟರ್ ಇಡೀ ವರ್ಷದ ಕ್ರೆಡಿಟ್ ಕಾರ್ಡ್ ಸ್ಟೇಟ್‌ಮೆಂಟ್ ತರಿಸಿಕೊಂಡು ಪ್ರತಿ ಸಾಲಿನ ಎದುರು ಊರಿನ ಹೆಸರು ಬರೆದಿದ್ದರು. ಶುಕ್ರವಾರ ಸಂಜೆ ಏರ್‌ಪೋರ್ಟ್ ಪಾರ್ಕಿಂಗ್. ಶನಿವಾರ ಇಂಡಿಯನ್ ಅಂಗಡಿಯಲ್ಲಿ ಸೊಪ್ಪು, ದೋಸೆ ಹಿಟ್ಟು. ಭಾನುವಾರ ಬೆಳಿಗ್ಗೆ ಮಗಳ ಭರತನಾಟ್ಯ ಕ್ಲಾಸಿನ ಫೀಸು, ಮಧ್ಯಾಹ್ನ ಹಲ್ಲಿನ ಡಾಕ್ಟರ ಬಿಲ್ಲು. ಸೇತುವೆ ದಾಟಿದ ಟೋಲ್ ದಾಖಲೆ. ಎಷ್ಟು ದಿನ ಯಾವ ಊರಿನಲ್ಲಿ ಇದ್ದರು ಅಂತ ಯಾರನ್ನೂ ಕೇಳಬೇಕಾಗಿಯೇ ಬರಲಿಲ್ಲ. ಎಲ್ಲ ಹಾಳೆಯಲ್ಲೇ ಇತ್ತು.

ನಿಮ್ಮ ವಿಷಯದಲ್ಲಿ ನಾನು ಮೊದಲು ನೋಡುವ ಕಾಗದ ಸನ್ನಿವೇಲ್ ಮನೆಯ ಪ್ರಾಪರ್ಟಿ ಟ್ಯಾಕ್ಸ್ ಬಿಲ್. ಅದರಲ್ಲಿ 7,000 ಡಾಲರ್ ಹೋಮ್‌ಓನರ್ ವಿನಾಯಿತಿ ಅಂತ ಒಂದು ಸಾಲು ಇದೆಯಾ ನೋಡಿ. ಮನೆಯ ಬೆಲೆಯಲ್ಲಿ ಅಷ್ಟನ್ನು ಕಳೆದು ತೆರಿಗೆ ಹಾಕುತ್ತಾರೆ. ಉಳಿಯುವುದು ವರ್ಷಕ್ಕೆ ಸುಮಾರು 70 ಡಾಲರ್ ಅಷ್ಟೇ. ಆದರೆ 'ಇದೇ ನನ್ನ ಮುಖ್ಯ ವಾಸದ ಮನೆ' ಅನ್ನುವವರಿಗೆ ಮಾತ್ರ ಅದು ಸಿಗುವುದು. ಬಾಡಿಗೆಗೆ ಕೊಟ್ಟ ಮೇಲೂ ಆ ಸಾಲು ಉಳಿದಿದ್ದರೆ ಇವತ್ತೇ ಮನೆಯ ತೆರಿಗೆ ಬೆಲೆ ನಿಗದಿ ಮಾಡುವ ಕೌಂಟಿ ಅಸೆಸರ್ ಕಚೇರಿಗೆ ಬರೆದು ತೆಗೆಸಿ. ಆ 70 ಡಾಲರ್ ಆಸೆಗೆ ನಿಮ್ಮ ಇಡೀ ವಾದ ಕೆಡುತ್ತದೆ.

ಈಗ 2022ರ ಲೆಕ್ಕಕ್ಕೆ ಬರೋಣ. ನೀವು 2021ರ ಆಗಸ್ಟ್‌ನಿಂದಲೇ ಟೆಕ್ಸಸ್‌ನವರು ಅಂತ ಒಪ್ಪಿಕೊಂಡರೂ ನೀವು ರೆಸಿಡೆಂಟ್ ಅಲ್ಲದವರ ರಿಟರ್ನ್ ಆದ 540ಎನ್‌ಆರ್ ಹಾಕಲೇಬೇಕಿತ್ತು. ಮನೆ ಬಾಡಿಗೆ ಕ್ಯಾಲಿಫೋರ್ನಿಯಾ ಆದಾಯ, ನೀವು ಚಂದ್ರನ ಮೇಲೆ ಇದ್ದರೂ ಸರಿ. ಆರ್‌ಎಸ್‌ಯು ಕೂಡ ಹಾಗೇ, ಆದರೆ ಪೂರ್ತಿ ಅಲ್ಲ. ಷೇರು ಕೊಡುತ್ತೇವೆ ಅಂದ ದಿನದಿಂದ ವೆಸ್ಟ್ ಆದ ದಿನದವರೆಗಿನ ಕೆಲಸದ ದಿನಗಳಲ್ಲಿ ಎಷ್ಟು ದಿನ ಕ್ಯಾಲಿಫೋರ್ನಿಯಾದಲ್ಲಿ ಕೂತು ಕೆಲಸ ಮಾಡಿದಿರೋ ಅಷ್ಟು ಪಾಲು. ಒಟ್ಟು 500 ದಿನದಲ್ಲಿ 300 ದಿನ ಇಲ್ಲಿ ಅಂದರೆ 60%. ವೆಸ್ಟ್ ಆದ ದಿನ ಬೆಲೆ 50,000 ಡಾಲರ್ ಇದ್ದರೆ 30,000 ಇಲ್ಲಿನ ಆದಾಯ. ವೆಸ್ಟ್ ಆದ ಮೇಲೆ ಟೆಕ್ಸಸ್‌ನವರಾಗಿ ಮಾರಿದರೆ ಆ ಲಾಭ ಕ್ಯಾಲಿಫೋರ್ನಿಯಾಕ್ಕೆ ಸೇರುವುದಿಲ್ಲ. ಆಸ್ಟಿನ್‌ನಲ್ಲಿ ಕೂತು ದುಡಿದ ಸಂಬಳವೂ ಅಷ್ಟೇ, ಕಂಪನಿಯ ಹೆಡ್ ಆಫೀಸ್ ಎಲ್ಲೇ ಇರಲಿ.

ಇಲ್ಲೊಂದು ತಿರುವು ಇದೆ. ನಮ್ಮ ಜನರಿಗೆ ಇದು ಗೊತ್ತೇ ಇರುವುದಿಲ್ಲ, ಅದಕ್ಕೇ ಒತ್ತಿ ಹೇಳುತ್ತೇನೆ. ಕ್ಯಾಲಿಫೋರ್ನಿಯಾ, ಟೆಕ್ಸಸ್ ಎರಡರಲ್ಲೂ ಮದುವೆಯಾದ ಮೇಲೆ ದುಡಿದದ್ದು ಗಂಡ ಹೆಂಡತಿ ಇಬ್ಬರದ್ದೂ ಸಮಪಾಲು ಅನ್ನುವ ಕಾನೂನು. ಹಾಗಾಗಿ ನಿಮ್ಮ ಆಸ್ಟಿನ್ ಸಂಬಳದಲ್ಲಿ ಅರ್ಧ ನಿಮ್ಮ ಮನೆಯವರದ್ದು. ಅವರು ಜೂನ್‌ವರೆಗೆ ಕ್ಯಾಲಿಫೋರ್ನಿಯಾ ರೆಸಿಡೆಂಟ್. ಅಂದರೆ ಜನವರಿಯಿಂದ ಜೂನ್‌ವರೆಗಿನ ನಿಮ್ಮ ಸಂಬಳದ ಅರ್ಧ ಭಾಗಕ್ಕೆ ಇಲ್ಲಿ ತೆರಿಗೆ ಇದೆ. ನೀವು ಆ ಆರು ತಿಂಗಳು ಕ್ಯಾಲಿಫೋರ್ನಿಯಾಕ್ಕೆ ಕಾಲಿಡದಿದ್ದರೂ ಇದೆ. ಅದೇ ಅವಧಿಯಲ್ಲಿ ಅವರ ಎನ್‌ಆರ್‌ಇ ಖಾತೆಗೆ ಬಂದ ಬಡ್ಡಿಯನ್ನೂ ಸೇರಿಸಿ. ಭಾರತದಲ್ಲಿ ಅದಕ್ಕೆ ತೆರಿಗೆ ಇಲ್ಲದಿರಬಹುದು, ಇಲ್ಲಿ ಇದೆ. ಭಾರತ–ಅಮೆರಿಕ ತೆರಿಗೆ ಒಪ್ಪಂದವನ್ನು ಕ್ಯಾಲಿಫೋರ್ನಿಯಾ ಪಾಲಿಸುವುದಿಲ್ಲ. ಭಾರತದಲ್ಲಿ ಕಟ್ಟಿದ ತೆರಿಗೆಗೆ ಕ್ರೆಡಿಟ್ ಕೂಡ ಕೊಡುವುದಿಲ್ಲ.

ಟ್ಯಾಕ್ಸ್ ಬೋರ್ಡ್‌ನವರು ಇನ್ನೂ ಮುಂದೆ ಹೋಗಿ, ಸಂಸಾರ ಬರುವವರೆಗೂ ನೀವೇ ಕ್ಯಾಲಿಫೋರ್ನಿಯಾದವರು ಅನ್ನಬಹುದು. ಹಾಗೆ ಹೇಳಿದರೆ ಸಂಬಳ ಪೂರ್ತಿ ಒಳಗೆ ಬರುತ್ತದೆ. ರಿಟರ್ನ್ ಹಾಕಿದ ದಿನದಿಂದ 4 ವರ್ಷದವರೆಗೆ ಕೆದಕಬಹುದಾದ್ದರಿಂದ, ಆ ಗಡುವು ಇನ್ನೂ ಮುಗಿದಿರದಿದ್ದರೆ 2021ರ ರಿಟರ್ನನ್ನೂ ತೆಗೆಯಬಹುದು. ರಿಟರ್ನೇ ಹಾಕದ ವರ್ಷಕ್ಕೆ ಆ 4 ವರ್ಷದ ಮಿತಿಯೂ ಇಲ್ಲ. ಅದಕ್ಕೇ ಆಸ್ಟಿನ್‌ನ ಬಾಡಿಗೆ ಕರಾರು, ಕಂಪನಿಯ ವರ್ಗಾವಣೆ ಪತ್ರ, ಟೆಕ್ಸಸ್ ಲೈಸೆನ್ಸ್ ಪಡೆದ ದಿನಾಂಕ, ಕಾರಿನ ನೋಂದಣಿ, ಸಾಮಾನು ಸಾಗಿಸಿದ ಬಿಲ್ ಎಲ್ಲ ಈಗಲೇ ಒಂದು ಫೋಲ್ಡರ್‌ಗೆ ಹಾಕಿಡಿ. ಊರು ಬಿಟ್ಟ ತಾರೀಖು ಎಷ್ಟು ದೊಡ್ಡ ವಿಷಯ ಅಂದರೆ, ಗಿಲ್ಬರ್ಟ್ ಹಯಾಟ್ ಅನ್ನುವ ಸಂಶೋಧಕ ನೆವಾಡಾಕ್ಕೆ ಹೋದದ್ದು 1991ರಲ್ಲೋ 1992ರಲ್ಲೋ ಅನ್ನುವುದರಿಂದ ಶುರುವಾದ ವ್ಯಾಜ್ಯ ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೆ ಮೂರು ಸಲ ಹೋಯಿತು, ಕೊನೆಯದು 2019ರಲ್ಲಿ.

ಹೆಚ್ಚುವರಿ ತೆರಿಗೆ ಹಾಕುತ್ತೇವೆ ಅಂತ ನೋಟಿಸ್ ಬಂದರೆ ತಕರಾರು ಸಲ್ಲಿಸಲು 60 ದಿನ. ಅದರ ಮೇಲಿನ ಅವರ ತೀರ್ಮಾನ ಒಪ್ಪದಿದ್ದರೆ ಆಫೀಸ್ ಆಫ್ ಟ್ಯಾಕ್ಸ್ ಅಪೀಲ್ಸ್‌ಗೆ ಹೋಗಲು 30 ದಿನ. ಈ ದಿನಗಳು ದಾಟಿದರೆ ಮೊದಲು ಪೂರ್ತಿ ಕಟ್ಟಿ ಆಮೇಲೆ ವಾಪಸ್ ಕೇಳಬೇಕಾಗುತ್ತದೆ.

ದುಡ್ಡಿನ ಬಗ್ಗೆ ಹೆದರಿದ್ದೀರಿ ಅಂತ ನಿಮ್ಮ ಬರಹದಲ್ಲೇ ಕಾಣುತ್ತದೆ. ದಾರಿಗಳಿವೆ. ಬಾಕಿ 25,000 ಡಾಲರ್ ಒಳಗಿದ್ದು 60 ತಿಂಗಳಲ್ಲಿ ತೀರಿಸುವ ಹಾಗಿದ್ದರೆ ಕಂತು ಕೇಳಬಹುದು, ಸಾಮಾನ್ಯವಾಗಿ ಕೊಡುತ್ತಾರೆ. ಬಡ್ಡಿ ಮಾತ್ರ ಓಡುತ್ತಲೇ ಇರುತ್ತದೆ, ಹಾಗಾಗಿ ಆದಷ್ಟು ಬೇಗ ಕಟ್ಟಿ. ತಡವಾಗಿ ಹಾಕಿದ್ದಕ್ಕೆ, ತಡವಾಗಿ ಕಟ್ಟಿದ್ದಕ್ಕೆ ಬೀಳುವ ದಂಡವನ್ನು 2022ರ ವರ್ಷದಿಂದ ಈಚೆಗೆ ಜೀವನದಲ್ಲಿ ಒಂದು ಸಲ ಮನ್ನಾ ಮಾಡುವ ಕಾನೂನಿದೆ. ನಿಮ್ಮ ವರ್ಷ ಅದರೊಳಗೇ ಬರುತ್ತದೆ. ಹಾಕಬೇಕಾದ ರಿಟರ್ನ್‌ಗಳನ್ನೆಲ್ಲ ಹಾಕಿ, ತೆರಿಗೆ ಕಟ್ಟಿ ಅಥವಾ ಕಂತು ಮಾಡಿಕೊಂಡು, ಆಮೇಲೆ ಕೇಳಿ. ಮೇಲೆ ಹೇಳಿದ 25% ದಂಡಕ್ಕೆ ಈ ಮನ್ನಾ ಇಲ್ಲ. ಗಡುವಿನ ಬಗ್ಗೆ ಅಷ್ಟು ಒತ್ತಿ ಹೇಳಿದ್ದು ಅದಕ್ಕೇ.

ಮೈಸೂರಿಗೆ ಹೋದರೆ ಯಾರು ಹುಡುಕಿಕೊಂಡು ಬರುತ್ತಾರೆ ಅಂತ ಕೇಳಿದ್ದೀರಿ. ಅವರು ಮೈಸೂರಿಗೆ ಬರಬೇಕಾಗಿಲ್ಲ. ನಿಮ್ಮ ಮನೆ ಸನ್ನಿವೇಲ್‌ನಲ್ಲೇ ಇದೆ. ಬಾಕಿಗೆ ಅದರ ಮೇಲೆ ಲೀನ್ (ಬಾಕಿಯ ಹಕ್ಕು) ಹಾಕುತ್ತಾರೆ, ಅದನ್ನು ತೀರಿಸದೆ ಮಾರಲು ಆಗುವುದಿಲ್ಲ. ಇಲ್ಲಿನ ಬ್ಯಾಂಕಿಗೆ ಆದೇಶ ಕಳಿಸಿದರೆ ಬ್ಯಾಂಕ್ 10 ದಿನ ಹಣ ತಡೆಹಿಡಿದು ಆಮೇಲೆ ಅವರಿಗೆ ಕಳಿಸುತ್ತದೆ. ಇಲ್ಲಿ ಸಂಬಳ ಬರುತ್ತಿರುವವರೆಗೆ ಅದರಲ್ಲಿ 25%ವರೆಗೆ ಹಿಡಿಯಬಹುದು. ಸಾಲ ವಸೂಲಿಗೆ ಅವರಿಗಿರುವ ಅವಧಿ 20 ವರ್ಷ. ಅಷ್ಟು ವರ್ಷದಲ್ಲಿ ಮನೆ ಮಾರಬೇಕಾಗಬಹುದು, ಮಗ ಓದಲು ತಿರುಗಿ ಬಂದರೆ ನೀವೂ ಬರಬೇಕಾಗಬಹುದು, ಅಲ್ವಾ?

ಒಂದು ಸಮಾಧಾನದ ವಿಷಯವೂ ಇದೆ. ಮೈಸೂರಿನಲ್ಲಿ ಕಾಯಂ ಆದ ಮೇಲೆ 401ಕೆ ನಿವೃತ್ತಿ ಖಾತೆಯ ಹಣ ತೆಗೆದರೆ ಕ್ಯಾಲಿಫೋರ್ನಿಯಾ ಅದನ್ನು ಮುಟ್ಟುವ ಹಾಗಿಲ್ಲ. ಬೇರೆ ಕಡೆ ಇರುವವರ ಪಿಂಚಣಿಗೆ ರಾಜ್ಯಗಳು ತೆರಿಗೆ ಹಾಕಬಾರದು ಅಂತ ಫೆಡರಲ್ ಕಾನೂನೇ ಇದೆ. ಇಲ್ಲಿ ದುಡಿದು ಕೂಡಿಟ್ಟದ್ದು ಅನ್ನುವ ಕಾರಣಕ್ಕೂ ಕೇಳುವಂತಿಲ್ಲ.

ಹೊರಡುವ ಮೊದಲು ಫ್ರಾಂಚೈಸ್ ಟ್ಯಾಕ್ಸ್ ಬೋರ್ಡ್‌ಗೆ ವಿಳಾಸ ಬದಲಾವಣೆ ತಿಳಿಸಿ. ಅವರ ದಾಖಲೆಯಲ್ಲಿರುವ ಕೊನೆಯ ವಿಳಾಸಕ್ಕೆ ಕಳಿಸಿದರೆ ನೋಟಿಸ್ ಕೊಟ್ಟಂತೆಯೇ ಲೆಕ್ಕ. ಸನ್ನಿವೇಲ್ ಮನೆಯ ಬಾಡಿಗೆದಾರರು ಅದನ್ನು ಕಸದ ಬುಟ್ಟಿಗೆ ಹಾಕಿದರೂ ನಿಮ್ಮ 60 ದಿನ ಓಡುತ್ತಿರುತ್ತದೆ. ಬಾಡಿಗೆ ಬರುತ್ತಿರುವವರೆಗೆ ಮೈಸೂರಿನಿಂದಲೂ ಪ್ರತಿ ವರ್ಷ 540ಎನ್‌ಆರ್ ಹಾಕುತ್ತಿರಿ. ಮುಂದೆ ಮನೆ ಮಾರುವಾಗ ಮಾರಾಟದ ಬೆಲೆಯ ಶೇಕಡಾ ಮೂರೂ ಮೂರನೇ ಒಂದು ಭಾಗವನ್ನು ಎಸ್ಕ್ರೋದಲ್ಲೇ (ಮಾರಾಟದ ಹಣ ಮಧ್ಯಸ್ಥರ ಹತ್ತಿರ ಇರುವಾಗಲೇ) ಹಿಡಿಯುತ್ತಾರೆ. ಅದು ಮುಂಗಡ ಅಷ್ಟೇ. ಆ ವರ್ಷದ ರಿಟರ್ನ್ ಹಾಕಿ, ನಿಜವಾದ ತೆರಿಗೆಗಿಂತ ಜಾಸ್ತಿ ಹಿಡಿದಿದ್ದರೆ ವಾಪಸ್ ತೆಗೆದುಕೊಳ್ಳಿ.