ಸೆನ್ಸರ್ ಇಟ್ಟು ದೀಪ ಮಿನುಗಿಸಿದರೆ ಅದು ಕಲೆ ಹೇಗಾಗುತ್ತದೆ?

ಎದುರು ನಿಂತರೆ ಸ್ಪಂದಿಸುವ ಕಲಾಕೃತಿಗೂ ಮಾಲ್‌ನಲ್ಲಿ ತಾನಾಗಿ ತೆರೆಯುವ ಬಾಗಿಲಿಗೂ ಏನು ವ್ಯತ್ಯಾಸ, ಎರಡರಲ್ಲೂ ಇರುವುದು ಸೆನ್ಸರ್ ತಾನೇ ಅಂತ ಕೇಳಿದ್ದೀರಿ. ಒಳ್ಳೆಯ ಪ್ರಶ್ನೆ.

ನಾನು ಎಲೆಕ್ಟ್ರಾನಿಕ್ಸ್ ಓದಿದವನು. ಒಳಗಿನ ಸಾಮಾನು ಹೆಚ್ಚುಕಡಿಮೆ ಒಂದೇ, ನಿಜ. ಆದರೆ ಇಂಥ ಕೃತಿ ಕಂಡಾಗ ನಾನು ಮೊದಲು ನೋಡುವುದು ಎರಡು ವಿಷಯ. ಸೆನ್ಸರ್ ನಮ್ಮಲ್ಲಿ ಏನನ್ನು ಅಳೆಯುತ್ತಿದೆ? ಏನನ್ನು ಬಿಟ್ಟುಬಿಡುತ್ತಿದೆ? ಬಾಗಿಲಿಗೆ ಯಾರೋ ಬಂದರು ಅನ್ನುವುದಷ್ಟೇ ಸಾಕು. ಕಲಾವಿದರಿಗೆ ಆ ಬಿಟ್ಟುಹೋದ ಭಾಗವೇ ಮುಖ್ಯ.

ಡೇನಿಯಲ್ ರೋಜಿನ್ 1999ರಲ್ಲಿ ಮಾಡಿದ 'ವುಡನ್ ಮಿರರ್' ತೆಗೆದುಕೊಳ್ಳಿ. ಮರದ 830 ಚೌಕ ತುಂಡುಗಳು, ಒಂದೊಂದಕ್ಕೂ ಒಂದು ಪುಟ್ಟ ಮೋಟರ್, ಜೊತೆಗೆ ಒಂದು ಕ್ಯಾಮೆರಾ. ಬೆಳಕು ಮೇಲಿನಿಂದ ಬೀಳುತ್ತದೆ. ತುಂಡು ಮೇಲ್ಮುಖವಾಗಿ ವಾಲಿದರೆ ಬೆಳ್ಳಗೆ, ಕೆಳಮುಖವಾಗಿ ವಾಲಿದರೆ ಕಪ್ಪಗೆ ಕಾಣುತ್ತದೆ. ನೀವು ಎದುರು ನಿಂತರೆ ಟಕಟಕ ಸದ್ದು ಮಾಡುತ್ತಾ ನಿಮ್ಮ ರೂಪ ಮರದಲ್ಲಿ ಮೂಡುತ್ತದೆ. ಆ ಯಂತ್ರಕ್ಕೆ ಮುಖ ಅಂದರೇನು ಅಂತ ಗೊತ್ತಿಲ್ಲ. ಎಲ್ಲಿ ಎಷ್ಟು ಬೆಳಕಿದೆ ಅನ್ನುವುದಷ್ಟೇ ಗೊತ್ತು. ಬಣ್ಣ, ರೆಪ್ಪೆ, ಕಣ್ಣಿನ ಹೊಳಪು ಯಾವುದೂ ಉಳಿದಿಲ್ಲ. ಆದರೂ ತಲೆ ಒಂಚೂರು ಅಲುಗಿಸಿ, ಅದು ನಾನೇ ಅಂತ ತಕ್ಷಣ ಅನಿಸುತ್ತದೆ! ಬಿಟ್ಟುಹೋದದ್ದನ್ನೆಲ್ಲ ತುಂಬಿಕೊಂಡಿದ್ದು ನೋಡುವವರ ಮಿದುಳು. ನೋಡುವವರು ಇಲ್ಲದಿದ್ದರೆ ಅದು ಬರೀ ಮರದ ಹಲಗೆ.

ನನಗೆ ಇದಕ್ಕಿಂತ ಜಾಸ್ತಿ ಹಿಡಿಸುವುದು ರಫಾಯೆಲ್ ಲೊಸಾನೊ ಹೆಮ್ಮರ್ ಅವರ 'ಪಲ್ಸ್ ರೂಮ್'. 2006ರದ್ದು. ಕೋಣೆಯ ತುಂಬ ಹಳೇ ಕಾಲದ ತಂತಿಯ ಬಲ್ಬುಗಳು ತೂಗುತ್ತವೆ. ಹಿಡಿಕೆ ಹಿಡಿದರೆ ಸೆನ್ಸರ್ ನಿಮ್ಮ ನಾಡಿ ಓದುತ್ತದೆ, ಹತ್ತಿರದ ಬಲ್ಬು ಅದೇ ಲಯದಲ್ಲಿ ಮಿನುಗುತ್ತದೆ. ಕೈ ಬಿಟ್ಟರೆ ಎಲ್ಲವೂ ಒಮ್ಮೆ ಆರಿ, ನಿಮ್ಮ ಬಡಿತ ಪಕ್ಕದ ಬಲ್ಬಿಗೆ ಸರಿಯುತ್ತದೆ. ಸಾಲಿನ ತುದಿಯಲ್ಲಿದ್ದವರ ಬಡಿತ ಅಲ್ಲಿಂದ ಹೊರಟೇಹೋಗುತ್ತದೆ. ಆಸ್ಪತ್ರೆಯ ಯಂತ್ರವೂ ಅಳೆಯುವುದು ಇದನ್ನೇ ಅಲ್ವಾ? ಅಲ್ಲಿ ಅದು ಡಾಕ್ಟರಿಗೆ ಬೇಕಾದ ಒಂದು ಸಂಖ್ಯೆ. ಇಲ್ಲಿ ಗುರುತಿಲ್ಲದ ಎಷ್ಟೋ ಜನರ ಎದೆಬಡಿತದ ಸಾಲಿನಲ್ಲಿ ನಿಮ್ಮದೂ ಒಂದು. ಬಾಗಿಲಿನ ಸೆನ್ಸರ್‌ನಿಂದ ಈ ಅನುಭವ ಸಿಗುವುದಿಲ್ಲ.

ಹಾಗಂತ ಸೆನ್ಸರ್ ಎಲ್ಲದರಲ್ಲೂ ನಮಗಿಂತ ಕಡಿಮೆ ಅಂದುಕೊಳ್ಳಬೇಡಿ. ಟಿವಿ ರಿಮೋಟಿನ ಮೂತಿಯನ್ನು ಮೊಬೈಲ್ ಕ್ಯಾಮೆರಾ ಕಡೆ ಹಿಡಿದು ಸುಮ್ನೆ ಒಂದು ಬಟನ್ ಒತ್ತಿ. ಕಣ್ಣಿಗೆ ಏನೂ ಕಾಣುವುದಿಲ್ಲ, ಸ್ಕ್ರೀನಿನಲ್ಲಿ ಮಾತ್ರ ಬೆಳಕು ಮಿನುಗುತ್ತದೆ. ಅದು ಇನ್‌ಫ್ರಾರೆಡ್, ನಮ್ಮ ಕಣ್ಣಿಗೆ ಎಟುಕದ ಬೆಳಕು. ಹಿಂದಿನ ಕ್ಯಾಮೆರಾದಲ್ಲಿ ಅದನ್ನು ತಡೆಯುವ ಫಿಲ್ಟರ್ ಇರಬಹುದು, ಆಗ ಸೆಲ್ಫಿ ಕ್ಯಾಮೆರಾದಲ್ಲಿ ನೋಡಿ.